ಎಷ್ಟು ದಿನದಿಂದ ಇತ್ತು?

ಕಾಲುವೆಗೆ ನೀರು ಬಿಟ್ಟ ಹೊಸದರಲ್ಲಿ ನಾನು ಸುರಪುರದಿಂದ ಹುಣಸಗಿಗೆ ಹೋಗುವ ದಾರಿಯ ಒಂದು ಸಣ್ಣ ಆಸ್ಪತ್ರೆಗೆ ಡಾಕ್ಟರಾಗಿ ಬಂದೆ. ಸುತ್ತಲಿನ ಊರುಗಳೆಲ್ಲ ಭತ್ತ ಹಚ್ಚುವ ಗಡಿಬಿಡಿಯಲ್ಲಿದ್ದವು. ನನಗೆ ಗಡಿಬಿಡಿ ಹುಟ್ಟಿನಿಂದಲೇ ಬಂದದ್ದು. ಸಿಟ್ಟಂತೂ ಮೂಗಿನ ತುದಿಯಲ್ಲೇ. ಬದುಕಿದ್ದವರ ಚೀಟಿಯನ್ನಾದರೂ ಎರಡು ಸಲ ನೋಡುತ್ತಿದ್ದೆ, ಸತ್ತವರ ಪ್ರಮಾಣಪತ್ರವನ್ನು ನಿಂತಲ್ಲೇ ಬರೆದು ಮುಗಿಸುತ್ತಿದ್ದೆ. ಸಾವಿನ ಕಾರಣ: ಹೃದಯ ಮತ್ತು ಉಸಿರಾಟ ನಿಂತದ್ದು. ಹೃದಯ ನಿಲ್ಲದೆ ಸತ್ತವರನ್ನು ನಾನಿನ್ನೂ ನೋಡಿಲ್ಲ; ಆದರೂ ಅದನ್ನೇ ಏನೋ ಕಂಡುಹಿಡಿದವನಂತೆ ಬರೆಯುತ್ತಿದ್ದೆ. ಪಕ್ಕದಲ್ಲಿ, ರೋಗ ಎಷ್ಟು ದಿನದಿಂದ ಇತ್ತು ಎಂದು ಬರೆಯುವ ಕಾಲಂ ಇರುತ್ತದೆ. ಅದನ್ನು ಖಾಲಿ ಬಿಡುತ್ತಿದ್ದೆ. ಯಾರೂ ಕೇಳಿರಲಿಲ್ಲ.

ಕೇಳಿದವಳು ಒಬ್ಬ ಹೊಸ ಸೊಸೆ. ಹಿಂದಿನ ವಾರ ಅವಳ ಮಾವನನ್ನು ಟ್ರ್ಯಾಕ್ಟರಿನಲ್ಲಿ ತಂದಿದ್ದರು. ಮುಖ, ಕಾಲು ಬಾತಿದ್ದವು, ಉಸಿರು ಸಿಗುತ್ತಿರಲಿಲ್ಲ. ಗಂಟೆಯೊಳಗೆ ತೀರಿಕೊಂಡರು. ಮೊದಲಿನಿಂದ ಏನಾದರೂ ಕಾಯಿಲೆ ಇತ್ತೇ ಎಂದು ಕೇಳಿದರೆ ಮನೆಯವರು, "ಏನಿಲ್ರಿ, ನಿನ್ನಿತನಕ ಗಟ್ಟಿ ಇದ್ರು" ಎಂದರು. ನಾನು ಮಾಮೂಲಿ ಸಾಲು ಬರೆದುಕೊಟ್ಟೆ.

ಈಗ ಊಟಕ್ಕೆ ಏಳುವ ಹೊತ್ತಿಗೆ ಆ ಹುಡುಗಿ ಊರಿಂದ ನಡೆದು ಬಂದು ಬಾಗಿಲಲ್ಲಿ ನಿಂತಿದ್ದಳು. ನಾಳೆ ಬೆಳಿಗ್ಗೆ ಬಾ ಎಂದು ಗದರಿದೆ. ಅವಳು ಕದಲಲಿಲ್ಲ.

"ನಾ ಬ್ಯಾನಿಗಿ ಬಂದಿಲ್ರಿ, ನೀವು ಬರದ ಕಾಗದಕ್ಕ ಬಂದೀನಿ. ನಾ ಮನಿಗಿ ಬಂದ ಹದಿನಾರ ದಿನಕ್ಕ ಮಾವ ಹೋದ್ರು. ಕಾಗದದಾಗ ಎದಿ ನಿಂತದ ಅಂತ ಅಷ್ಟ ಅದ. ಗಟ್ಟಿ ಮನಷ್ಯಾ ಸುಮ್‌ಸುಮ್ನ ಹೋಗ್ತಾನೇನು, ಇಕಿ ಕಾಲ್ಗುಣ ಅಂತಾರ. ಸೋಮವಾರ ಮಂದಿ ಕೂಡ್ಸಿ ನನ್ನ ಶಹಾಪುರಕ್ಕ, ತವರಿಗಿ ಕಳಸ್ತಾರಂತ. ತಿರಗಿ ಕರ್ಕೊಳ್ಳಂಗಿಲ್ಲಂತ."

ಸೆರಗಿನ ಗಂಟು ಬಿಚ್ಚಿ ನಾಲ್ಕೈದು ಹಳೆಯ ಚೀಟಿ ಮೇಜಿನ ಮೇಲಿಟ್ಟಳು. ಮಾವನ ಟ್ರಂಕಿನಲ್ಲಿ ಧೋತರದ ಕೆಳಗೆ ಸಿಕ್ಕವಂತೆ. "ಡಾಕ್ಟರ ಅಕ್ಷರ ನನಗ ತಿಳಿಯಂಗಿಲ್ರಿ. ತಾರೀಖ ತಿಳೀತಾವ. ಈ ಬ್ಯಾನಿ ನಾ ಬರೂಕಿಂತ ಮೊದಲ ಇತ್ತಿಲ್ರಿ?"

ಚೀಟಿಗಳು ಯಾದಗಿರಿಯ ಒಬ್ಬ ಡಾಕ್ಟರವು. ಬಿಪಿ ವಿಪರೀತ ಎಂದು ಬರೆದದ್ದು ಮೂರು ವರ್ಷದ ಹಿಂದೆ. ಮೂತ್ರಪಿಂಡ ಕೆಡುತ್ತಿದೆ ಎಂದು ಮರುವರ್ಷ. ಆ ಬಾವು, ಆ ಉಸಿರಾಟ ಎಲ್ಲ ಅದಕ್ಕೇ ಸರಿಹೊಂದುತ್ತಿತ್ತು. ನನ್ನ ಕಣ್ಣೆದುರೇ ಇದ್ದದ್ದನ್ನು ಬರೆಯದೆ ಬಿಟ್ಟಿದ್ದೆ. ನಾಚಿಕೆಯಿಂದ ಹಸಿವೇ ಹೋಯಿತು. ಅತ್ತೆಯನ್ನು ಕರೆದುಕೊಂಡು, ಆ ಕಾಗದವನ್ನೂ ತೆಗೆದುಕೊಂಡು ಬಾ ಎಂದೆ.

ಮರುದಿನ ಇಬ್ಬರೂ ಬಂದರು. ಪುಣ್ಯಕ್ಕೆ ಕಾಗದ ಇನ್ನೂ ಪಂಚಾಯಿತಿಗೆ ಹೋಗಿರಲಿಲ್ಲ. ಅದನ್ನು ರದ್ದು ಮಾಡಿ, ಮೊದಲ ಸಲ ಕುರ್ಚಿಯ ಮೇಲೆ ಕೂತು, ಹೊಸದನ್ನು ಬರೆದೆ. ಬರೆಯುತ್ತ ಓದಿ ಹೇಳಿದೆ: ಪುಪ್ಪುಸದಲ್ಲಿ ನೀರು, ಒಂದು ದಿನ. ಅದಕ್ಕೆ ಕಾರಣ ಮೂತ್ರಪಿಂಡ ಕೆಟ್ಟದ್ದು, ಎರಡು ವರ್ಷ. ಅದಕ್ಕೆ ಕಾರಣ ಬಿಪಿ, ಮೂರು ವರ್ಷದಿಂದ.

ಆ ಹುಡುಗಿಗೆ ನಾನು ಇಂದಿಗೂ ಋಣಿ. ಆಮೇಲೆ ನಿವೃತ್ತಿಯವರೆಗೆ ಆ ಕಾಲಂ ತುಂಬುವ ಮೊದಲು ಮನೆಯವರ ಜೊತೆ ಕೂತು ವಿಚಾರಿಸಿದ್ದೇನೆ. ಕಾಲೇಜಿನಲ್ಲಿ ಇದನ್ನೇ ಹೇಳಿಕೊಟ್ಟಿದ್ದರು, ನನ್ನ ತಲೆಗೆ ಹತ್ತಿರಲಿಲ್ಲ. ಅವಳು ಅಷ್ಟು ದೂರ ನಡೆದು ಬರದಿದ್ದರೆ ಹತ್ತುತ್ತಲೂ ಇರಲಿಲ್ಲ.

ಅಂದು ನಾನು ಓದಿ ಮುಗಿಸಿದ ಮೇಲೆ ಅತ್ತೆ ಹೊಸ ಕಾಗದವನ್ನು ಕೈಗೆ ತೆಗೆದುಕೊಂಡರು.

"ಮೂರು ವರ್ಷ," ಎಂದರು. "ಕಾಲ ಬಾತಾಗ ಕೇಳಿದ್ರ, ಗದ್ದಿ ನೀರಾಗ ನಿಂತು ಹಿಂಗ ಆಗ್ಯಾವ ಅಂತಿದ್ರು. ಊರಾಗ ಎಲ್ಲಾರ ಕಾಲೂ ಹಂಗ ಇದ್ವು, ನಾನೂ ನಂಬಿದೆ."

"ಮಗನ ಲಗ್ನ ನಿಲ್ಲಬಾರದು ಅಂತ ಮುಚ್ಚಿಟ್ಟಿರಬೇಕವ್ವಾ," ಎಂದೆ.

ಅವರು ಕಣ್ಣೊರೆಸಿಕೊಂಡು ಸೊಸೆಯ ಕಡೆ ತಿರುಗಿದರು.

"ಸೋಮವಾರ ನೀ ಎಲ್ಲೂ ಹೋಗಂಗಿಲ್ಲ. ಮಂದಿ ಬರ್ಲಿ. ಗಂಡನ ಬ್ಯಾನಿ ನನಗ ತಿಳೀಲಿಲ್ಲ, ಅದನ್ನ ಈ ಹುಡುಗಿ ಮ್ಯಾಲ ಹೊರಿಸಿದೆ ಅಂತ ನಾನ ಹೇಳ್ತೀನಿ."