ಹಯಸಿಂತ್ ಬಾಯಿಯ ಅಮ್ಮನಿಗೊಂದು ಎಲೆ

ಮುಲ್ಕಿ ಕಡೆಯ ದೇಜಪ್ಪ ಬಹಳ ಮರ್ಯಾದಸ್ಥ ಎಂದು ಮಸ್ಕತ್ತಿನ ರೂವಿಯಲ್ಲಿ ಅವನಿದ್ದ ಕಟ್ಟಡದಲ್ಲಿ ಎಲ್ಲರೂ ಹೇಳುತ್ತಿದ್ದರು. ಹಾಗೆ ಹೇಳುವುದು ಅವನ ಕಿವಿಗೂ ಬಿದ್ದಿತ್ತು; ತೊಂದರೆ ಶುರುವಾದದ್ದೇ ಅಲ್ಲಿಂದ. ೧೯೮೧ರಲ್ಲಿ ಮಸ್ಕತ್‌ಗೆ ಬಂದವನು ಐದು ವರ್ಷ ಬೌಷರ್ ಕಡೆಯ ಕೆಲಸಗಾರರ ಕ್ಯಾಂಪಿನಲ್ಲಿ ಆರು ಜನರ ಕೋಣೆಯಲ್ಲಿ ಕಳೆದ. ಆಮೇಲೆ ಎ.ಸಿ. ಬಿಡಿಭಾಗಗಳ ಕಂಪನಿಯಲ್ಲಿ ಸ್ಟೋರ್‌ಕೀಪರ್ ಆಗಿ, ಹೆಂಡತಿ ಉಮಾವತಿಯನ್ನೂ ಮಗಳು ವಿನೋದಾಳನ್ನೂ ಕರೆಸಿಕೊಂಡು, ಬಸ್‌ಸ್ಟ್ಯಾಂಡಿನ ಹಿಂದೆ ಮೂರು ಮಾಳಿಗೆಯ ಕಟ್ಟಡದ ಒಂದನೇ ಮಾಳಿಗೆಯಲ್ಲಿ ಸಂಸಾರ ಹೂಡಿದ. ಕುಡಿತವಿಲ್ಲ, ಜಗಳವಿಲ್ಲ. ಯಾರ ತಂಟೆಗೂ ಹೋಗದವನು ಎಂದು ತನ್ನನ್ನು ತಾನೇ ನಂಬಿಕೊಂಡಿದ್ದ.

ಅವನ ಮನೆಯ ನೇರ ಮೇಲಿನ ಮನೆಗೆ ೧೯೮೮ರಲ್ಲಿ ಒಬ್ಬ ನರ್ಸ್ ಬಂದಳು. ಐವತ್ತರ ಹತ್ತಿರದ, ಎತ್ತರದ ಕಪ್ಪು ಹೆಂಗಸು, ಜಮೈಕಾದವಳು, ಹೆಸರು ಹಯಸಿಂತ್. ಊರಿನ ಕ್ರಿಶ್ಚಿಯನ್ನರಲ್ಲೂ ಇರುವ ಹೆಸರೇ ಆದ್ದರಿಂದ ಉಮಾವತಿ ಮೊದಲ ದಿನವೇ ಅವಳನ್ನು ಹಯಸಿಂತ್ ಬಾಯಿ ಮಾಡಿಬಿಟ್ಟಳು. ಜಮೈಕಾ ಎಲ್ಲಿದೆ ಎಂದು ದೇಜಪ್ಪನಿಗೆ ಗೊತ್ತಿದ್ದದ್ದು ರೇಡಿಯೋದ ಕ್ರಿಕೆಟ್ ಕಾಮೆಂಟರಿಯಿಂದ ಮಾತ್ರ.

ಈ ಹಯಸಿಂತ್ ಬಾಯಿಗೆ ಒಂದು ಅಭ್ಯಾಸವಿತ್ತು. ಮೆಟ್ಟಿಲಲ್ಲಿ ಯಾರು ಸಿಕ್ಕರೂ ನಿಂತು ಗುಡ್ ಮಾರ್ನಿಂಗ್ ಹೇಳುವಳು. ಹೇಳಿ ಸುಮ್ಮನೆ ಹೋಗದೆ, ಉತ್ತರ ಬರುವ ತನಕ ಕಾಯುವಳು. ನಮ್ಮ ಕಡೆ ಗುರುತಿನವರು ಎದುರಾದರೆ ಒಂದು ನಗು, ತಲೆಯ ಒಂದು ಅಲುಗಾಟ, ಹೆಚ್ಚೆಂದರೆ ಊಟ ಆಯ್ತಾ ಎಂಬ ಪ್ರಶ್ನೆ, ಅಲ್ಲಿಗೆ ಮುಗಿಯಿತು. ದೇಜಪ್ಪ ಅದನ್ನೇ ಮಾಡಿದ. ಒಂದು ಮಧ್ಯಾಹ್ನ ತನ್ನ ಇಂಗ್ಲಿಷಿನಲ್ಲಿ ಊಟ ಆಯ್ತಾ ಎಂದೂ ಕೇಳಿದ. ಅವಳು, ‘ಇಲ್ಲ, ಇನ್ನೂ ಆಗಿಲ್ಲ, ಬಹಳ ಸಂತೋಷ’ ಎಂದು ಅವನ ಬಾಗಿಲ ಕಡೆ ನೋಡುತ್ತ ನಿಂತಳು. ಇವನು ಊಟಕ್ಕೆ ಕರೆದ ಎಂದು ಅವಳು, ಇವಳೇಕೆ ಕದಲುವುದಿಲ್ಲ ಎಂದು ಇವನು. ಕೊನೆಗೆ ಉಮಾವತಿ ಹೊರಗೆ ಬಂದು ಅವಳನ್ನು ಒಳಗೆ ಕರೆದು ಬಡಿಸಿದಳು. ಬಂಗುಡೆ ಸಾರನ್ನು ಅವಳು ಬೆರಳು ನೆಕ್ಕಿಕೊಂಡು ಉಂಡಳು.

ಅಷ್ಟಾದರೂ ದೇಜಪ್ಪನ ಬಾಯಿಂದ ಗುಡ್ ಮಾರ್ನಿಂಗ್ ಹೊರಡಲಿಲ್ಲ. ಒಂದು ಬೆಳಿಗ್ಗೆ ಅವನು ಅವಸರದಲ್ಲಿ ಇಳಿದು ಬರುತ್ತಿದ್ದಾಗ ಮೆಟ್ಟಿಲ ಬುಡದಲ್ಲಿ ಹಯಸಿಂತ್ ಬಾಯಿ ಇದ್ದಳು. ಪಕ್ಕದಲ್ಲಿ ಕೆಳಮನೆಯ ಮೈಸೂರಿನ ರಾಜಗೋಪಾಲ, ಬ್ಯಾಂಕಿನವರು. ಜೊತೆಗೆ ಕಟ್ಟಡದ ವಾಚ್‌ಮನ್, ಉಳ್ಳಾಲದ ಇದಿನಬ್ಬ ಬ್ಯಾರಿ. ದೇಜಪ್ಪ ಎಂದಿನಂತೆ ತಲೆ ಅಲ್ಲಾಡಿಸಿ ದಾಟಿದ. ಅವಳು ಹಿಂದಿನಿಂದ ಗಟ್ಟಿಯಾಗಿ ಕೇಳಿದಳು: ‘ಮಿಸ್ಟರ್ ದೇಜಪ್ಪ, ನಿನ್ನೆ ರಾತ್ರಿ ನೀವೂ ನಾನೂ ಒಂದೇ ಹಾಸಿಗೆಯಲ್ಲಿ ಮಲಗಿದ್ದೆವಾ, ಗುಡ್ ಮಾರ್ನಿಂಗ್ ಹೇಳದೆ ಹೋಗಲಿಕ್ಕೆ?’

ರಾಜಗೋಪಾಲರಿಗೆ ಕೆಮ್ಮು ಬಂತು. ಇದಿನಬ್ಬ ಗೋಡೆಯ ಕಡೆ ತಿರುಗಿಕೊಂಡ. ದೇಜಪ್ಪನ ಕಿವಿ ಕೆಂಡವಾಯಿತು. ಒಂದೇ ಹಾಸಿಗೆಯಿಂದ ಎದ್ದವರು ಬೇಕಾದರೆ ಹೇಳದಿರಲಿ, ಉಳಿದವರು ಬಾಯಿ ಬಿಡಲೇಬೇಕು ಎಂದು ಜಮೈಕಾದ ಅಜ್ಜಿಯರು ಕೂಡ ದಾರಿಹೋಕರನ್ನು ಕೆಣಕುವ ಮಾತು ಅದು. ಅವನಿಗೆ ಅದು ತಿಳಿಯುವಾಗ ತಡವಾಗಿತ್ತು. ಆ ಹೊತ್ತು ಅವನಿಗೆ ಅನಿಸಿದ್ದು ಒಂದೇ: ಇವಳು ನಡತೆ ಸರಿಯಿಲ್ಲದ ಹೆಂಗಸು, ನಾಲ್ಕು ಜನರ ಎದುರು ನನ್ನ ಮಾನ ಕಳೆದಳು. ಅದನ್ನು ಹಲ್ಲಿಗೆ ಸಿಕ್ಕಿದ ಮೀನಿನ ಮುಳ್ಳಿನಂತೆ ಆರು ತಿಂಗಳು ಇಟ್ಟುಕೊಂಡ.

ಮರುವರ್ಷ ಫೆಬ್ರವರಿಯ ಒಂದು ಗುರುವಾರ ಸಂಜೆ ಏಳು ಗಂಟೆಗೆ ತಲೆಯ ಮೇಲೆ ಗಲಾಟೆ ಶುರುವಾಯಿತು. ಕುರ್ಚಿ ಎಳೆಯುವುದು, ನಗು, ಹಾಡು, ಮೇಜಿಗೆ ಏನನ್ನೋ ಪಟಾರ್ ಪಟಾರ್ ಎಂದು ಬಡಿಯುವುದು. ವಿನೋದಾಳಿಗೆ ಹತ್ತನೆಯ ಪರೀಕ್ಷೆ. ದೇಜಪ್ಪ ಎರಡು ಸಲ ಮೇಲೆ ನೋಡಿದ.

‘ಮಗಳಿಗೆ ಓದ್ಲಿಕ್ಕೆ ಉಂಟು ಅಂತ ಇವರಿಗೆ ಒಂದು ಪರಿಜ್ಞಾನ ಬೇಡ್ವಾ?’

‘ಇಟ್ಸ್ ಓಕೆ ಅಪ್ಪಾ, ಐ ಲೈಕ್ ದ ಸಿಂಗಿಂಗ್’ ಎಂದಳು ವಿನೋದಾ, ಪುಸ್ತಕದಿಂದ ತಲೆ ಎತ್ತದೆ. ಅಲ್ಲದೆ ಪರೀಕ್ಷೆ ಇದ್ದದ್ದು ಶನಿವಾರ.

ಒಂಬತ್ತಕ್ಕೆ ಅವನು ಮೇಲೆ ಹತ್ತಿದ. ಹಯಸಿಂತ್ ಬಾಯಿಯ ಬಾಗಿಲು ಪೂರಾ ತೆರೆದಿತ್ತು. ಒಳಗೆ ಐದಾರು ನರ್ಸುಗಳು, ಇಬ್ಬರು ಗಂಡಸರು, ಚುಕ್ಕಿ ಬಿಲ್ಲೆಗಳ ಡಾಮಿನೋ ಆಟ. ಒಬ್ಬ ಎದ್ದು ನಿಂತು ಬಿಲ್ಲೆಯನ್ನು ಮೇಜಿಗೆ ಅಪ್ಪಳಿಸಿದಾಗ ಎಲ್ಲರೂ ಹೋ ಎಂದರು. ಹಯಸಿಂತ್ ಬಾಯಿ ಯಾರದೋ ನಡಿಗೆಯನ್ನು ಅಣಕಿಸುತ್ತ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಮೂಲೆಯಲ್ಲಿ ಬಿಳಿ ಬಟ್ಟೆ ಹಾಸಿದ ಒಂದು ಸಣ್ಣ ಮೇಜು. ಅದರ ಮೇಲೆ ಒಂದು ತಟ್ಟೆಯಲ್ಲಿ ಅನ್ನ, ಹುರಿದ ಮೀನು, ಪಕ್ಕದಲ್ಲಿ ಒಂದು ಲೋಟ ರಮ್. ಅದರ ಹತ್ತಿರ ಯಾರೂ ಹೋಗುತ್ತಿರಲಿಲ್ಲ. ದೇಜಪ್ಪ ಅದನ್ನೂ ನೋಡಿದ. ನೋಡಿಯೂ ಸದ್ದಿಲ್ಲದೆ ಹಿಂದಿರುಗಿ, ಸೀದಾ ಕೆಳಗೆ ಇದಿನಬ್ಬನ ಕೋಣೆಗೆ ಹೋದ.

‘ಬ್ಯಾರಿಗಳೇ, ಮೇಲೆ ಎಂಥ ನಡೀತಾ ಉಂಟು ಗೊತ್ತುಂಟಾ? ಒಂಟಿ ಹೆಂಗಸಿನ ಮನೆಯಲ್ಲಿ ಗಂಡಸರು, ಕುಡಿತ, ಕುಣಿತ. ಮಕ್ಕಳೊಂದಿಗರು ಇರುವ ಬಿಲ್ಡಿಂಗ್ ಇದು. ಮಾಲೀಕರಿಗೆ ಫೋನ್ ಮಾಡಿ.’

‘ಬಿಟ್ಟುಬಿಡಿ ದೇಜಪ್ಪಣ್ಣ, ಒಂದು ದಿನದ್ದಲ್ವಾ? ನಾನೇ ಹೋಗಿ ಮೆಲ್ಲ ಮಾಡಿ ಅಂತ ಹೇಳ್ತೇನೆ.’

‘ನೀವು ಮಾಡದಿದ್ರೆ ನಾನು ಮಾಡ್ತೇನೆ.’

ಇದಿನಬ್ಬ ಮಾಡಿದ. ಮಾಲೀಕರು ಬಂದರು. ಮುದುಕರು, ಕೂಗಾಡುವವರಲ್ಲ, ಬಾಗಿಲಲ್ಲಿ ನಿಂತು ಖಲಾಸ್ ಎಂದರು, ಎರಡು ಸಲ. ದೇಜಪ್ಪ ತನ್ನ ಬಾಗಿಲ ಹಿಂದೆ ನಿಂತು ಕೇಳಿದ. ಹಾಡು ನಡುವಿನಲ್ಲೇ ನಿಂತಿತು. ಚಪ್ಪಲಿಗಳು ಒಂದೊಂದಾಗಿ ಇಳಿದವು, ಬಿಲ್ಲೆಗಳ ಡಬ್ಬಿ ಒಮ್ಮೆ ಗಲಗುಟ್ಟಿತು. ಇಳಿಯುವ ಪ್ರತಿಯೊಬ್ಬರಿಗೂ ಹಯಸಿಂತ್ ಬಾಯಿ ಮೇಲಿನಿಂದ ಗುಡ್ ನೈಟ್ ಹೇಳುತ್ತಿದ್ದಳು. ಸರಿ, ಇನ್ನು ಬುದ್ಧಿ ಬರುತ್ತದೆ ಎಂದುಕೊಂಡು ಮರ್ಯಾದಸ್ಥ ದೇಜಪ್ಪ ಸುಖವಾಗಿ ಮಲಗಿದ.

ಶುಕ್ರವಾರ ಬೆಳಿಗ್ಗೆ ಅವಳು ಬಾಗಿಲು ತಟ್ಟಿದಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ, ಹುರಿದ ಮೀನು ಮತ್ತು ಬ್ರೆಡ್ಡು.

‘ಗುಡ್ ಮಾರ್ನಿಂಗ್, ಮಿಸ್ಟರ್ ದೇಜಪ್ಪ. ನಿನ್ನೆಯ ಗಲಾಟೆಗೆ ಕ್ಷಮಿಸಿ. ನನ್ನ ತಾಯಿ ತೀರಿಕೊಂಡು ನಿನ್ನೆಗೆ ಒಂಬತ್ತು ದಿನ. ಊರಿಗೆ ಹೋಗಲು ಆಸ್ಪತ್ರೆ ರಜೆ ಕೊಡಲಿಲ್ಲ. ಅದಕ್ಕೆ ಇಲ್ಲೇ ಮಾಡಿದೆವು.’

ದೇಜಪ್ಪನಿಗೆ ಅರ್ಥವಾಗಲಿಲ್ಲ, ಅರ್ಥವಾಗುವುದು ಬೇಡವೂ ಆಗಿತ್ತು. ಅವಳು ನಿಧಾನವಾಗಿ ವಿವರಿಸಿದಳು. ಒಂಬತ್ತನೆಯ ದಿನ ಸತ್ತವರು ಕೊನೆಯ ಸಲ ಮನೆಗೆ ಬರುತ್ತಾರೆ. ಅವರಿಗೆ ಇಷ್ಟವಾದದ್ದನ್ನು ಬಡಿಸಿಡಬೇಕು. ಅಳುಮುಖ ನೋಡಿದರೆ ಅವರು ಹೋಗಲಾರರು, ಆದ್ದರಿಂದ ಆಟ ಆಡಬೇಕು, ಅವರ ಕಥೆ ಹೇಳಿ ನಗಬೇಕು. ನಡುರಾತ್ರಿ ಹಾಸಿಗೆ ತಿರುಗಿಸಿ ಹಾಕಿ, ಹಾಡುತ್ತ ಬೀಳ್ಕೊಡಬೇಕು.

‘ಬೀಳ್ಕೊಡುವಷ್ಟರಲ್ಲಿ ನಿಲ್ಲಿಸಬೇಕಾಯಿತು’ ಎಂದಳು. ‘ಅರ್ಧಕ್ಕೆ ಬಿಟ್ಟೆವು. ಈಗ ಅವಳು ಎಲ್ಲಿ ನಿಂತಿದ್ದಾಳೋ. ಯಾರೋ ದೂರು ಕೊಟ್ಟಿದ್ದಾರೆ. ನಿಮ್ಮ ಮನೆಯಲ್ಲಿ ಪರೀಕ್ಷೆಯ ಮಗು, ಆದರೂ ನೀವು ಒಂದು ಮಾತು ಆಡಲಿಲ್ಲ. ಅದಕ್ಕೇ ಮೊದಲು ನಿಮ್ಮಲ್ಲಿಗೆ ಬಂದೆ.’

ದೇಜಪ್ಪ ತಟ್ಟೆ ತೆಗೆದುಕೊಂಡ. ನಾನೇ ಎನ್ನಲು ಬಾಯಿ ತೆರೆದ; ಥ್ಯಾಂಕ್ಯೂ ಎಂದು ಮುಚ್ಚಿದ.

ಬೇರೆ ಯಾರಾದರೂ ಆಗಿದ್ದರೆ ತಿಳಿಯಲಿಲ್ಲ ಎಂದು ಪಾರಾಗಬಹುದಿತ್ತು. ದೇಜಪ್ಪನಿಗೆ ಆ ದಾರಿಯೂ ಇರಲಿಲ್ಲ. ತುಂಬಿದ ವಯಸ್ಸಿನಲ್ಲಿ ಹೋದ ಅಜ್ಜನ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಯ ಊಟಕ್ಕೆ, ಅವರ ಮನೆಯಲ್ಲಿ ಡೋಲು, ವಾಲಗ, ಗರ್ನಾಲು ಪಟಾಕಿ ಎಲ್ಲ ಇತ್ತು. ಊರಿಡೀ ನಕ್ಕು ಮಾತಾಡಿ ಉಂಡು ಹೋಗಿತ್ತು. ಸತ್ತವರಿಗೆ ಮೀನು, ಕೋಳಿ, ಕಳ್ಳು ಬಡಿಸಿಟ್ಟು ಬಾಗಿಲು ಮುಚ್ಚಿ ಹೊರಗೆ ನಿಲ್ಲುವ ಜನ ಅವರು. ಮೂಲೆಯಲ್ಲಿ ಯಾರೂ ಮುಟ್ಟದ ತಟ್ಟೆ ಎಂದರೆ ಏನು ಎಂದು ಒಮಾನಿನಲ್ಲಿ ಯಾರಿಗಾದರೂ ಗೊತ್ತಾಗಬೇಕಿದ್ದರೆ ಅದು ಅವನಿಗೇ.

ಅಷ್ಟೂ ಸಾಲದೆಂಬಂತೆ ಕ್ಯಾಂಪಿನ ಒಂದು ಮಧ್ಯಾಹ್ನ ನೆನಪಿಗೆ ಬಂತು. ೧೯೮೪ರಲ್ಲಿ ಅವನ ಅಮ್ಮ ತೀರಿಕೊಂಡಾಗ ವೀಸಾ ಕೊಟ್ಟ ಧಣಿ ಕಫೀಲ್ ಬೊಂಬಾಯಿಯಲ್ಲಿದ್ದ, ದೇಜಪ್ಪನ ಪಾಸ್‌ಪೋರ್ಟ್ ಅವನ ಕಪಾಟಿನಲ್ಲಿತ್ತು. ಊರಿನಲ್ಲಿ ಬೊಜ್ಜ ನಡೆದ ದಿನ ದೇಜಪ್ಪ ಕ್ಯಾಂಪಿನ ಕೋಣೆಯಲ್ಲಿ ಎಲೆ ಹಾಕಿ ಅನ್ನ, ಅಂಜಲ್ ಮೀನಿನ ಸಾರು, ಒಂದು ಎಳನೀರು ಬೊಂಡ ಇಟ್ಟು, ಅಮ್ಮನನ್ನು ಹೆಸರು ಹಿಡಿದು ಕರೆದಿದ್ದ. ಜೂನ್ ತಿಂಗಳ ಸುಡು ಬಿಸಿಲು. ಜೊತೆಗಿದ್ದ ಐವರೂ ಒಂದು ಮಾತು ಕೇಳದೆ ಅರ್ಧ ಗಂಟೆ ಹೊರಗೆ ನಿಂತಿದ್ದರು. ಅವರಲ್ಲಿ ಒಬ್ಬ ಪಠಾಣ ಡ್ರೈವರ್. ಅವನಿಗೆ ಈ ಶಾಸ್ತ್ರದ ತಲೆಬುಡ ಗೊತ್ತಿರಲಿಲ್ಲ. ಆದರೂ ಆ ಕಡೆ ಬಂದವರನ್ನೆಲ್ಲ ಸದ್ದು ಮಾಡಬೇಡಿ ಎಂದು ತಡೆದಿದ್ದ. ಅಷ್ಟು ಪಡೆದ ತಾನು ಕೊಟ್ಟದ್ದು ಇದು. ಹೇಸಿಗೆ ಹುಟ್ಟಿತು ಅವನಿಗೆ, ತನ್ನ ಮೇಲೆ.

ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ನಾಲ್ಕು ತಿಂಗಳು ಹೋಯಿತು. ಅವಳ ಹೆಜ್ಜೆ ಮೆಟ್ಟಿಲಲ್ಲಿ ಕೇಳಿದರೆ ದೇಜಪ್ಪ ಬಾಗಿಲ ಹಿಂದೆಯೇ ನಿಲ್ಲುತ್ತಿದ್ದ. ಇದಿನಬ್ಬ ಯಾರಿಗೂ ಬಾಯಿ ಬಿಡಲಿಲ್ಲ, ಆದರೆ ದೇಜಪ್ಪನನ್ನು ಅಣ್ಣ ಎಂದು ಕರೆಯುವುದನ್ನು ಬಿಟ್ಟ. ಜೂನ್‌ನಲ್ಲಿ ಹಯಸಿಂತ್ ಬಾಯಿಗೆ ಸಲಾಲಾಕ್ಕೆ ವರ್ಗವಾಯಿತು. ಹೊರಡುವಾಗ ಉಮಾವತಿಯನ್ನು ತಬ್ಬಿಕೊಂಡು, ಈ ಕಟ್ಟಡದಲ್ಲಿ ನೆರೆಯವರು ಎಂದರೆ ನೀವೇ ಎಂದಳು. ದೇಜಪ್ಪ ಟ್ಯಾಕ್ಸಿಗೆ ಪೆಟ್ಟಿಗೆ ಏರಿಸುವ ನೆಪದಲ್ಲಿ ಮುಖ ತಪ್ಪಿಸಿದ.

ಎರಡು ವರ್ಷದ ನಂತರ, ಆಷಾಢದ ಹೊತ್ತಿನ ಆಟಿ ತಿಂಗಳಲ್ಲಿ, ಸತ್ತವರಿಗೆ ಬಡಿಸುವ ದಿನ, ಅವನು ಅಮ್ಮನ ಎಲೆಯ ಪಕ್ಕ ಇನ್ನೊಂದು ಎಲೆ ಹಾಕಿದ.

‘ಇದು ಯಾರಿಗೆ?’ ಎಂದಳು ಉಮಾವತಿ.

‘ಹಯಸಿಂತ್ ಬಾಯಿಯ ಅಮ್ಮನಿಗೆ.’

ಅಂದು ಎಲ್ಲ ಹೇಳಿದ. ಇದಿನಬ್ಬನಿಗೆ ಆಡಿದ ಮಾತನ್ನೂ ಬಿಡಲಿಲ್ಲ.

‘ಅವರು ತಂದ ಮೀನನ್ನು ನಾವು ತಿಂದೆವಲ್ಲ ಇವರೇ’ ಎಂದಳು ಉಮಾವತಿ. ‘ನನ್ನ ಹತ್ರ ಹೇಳಿ ಎಂಥ ಆಗ್ಬೇಕು? ಹೇಳ್ಬೇಕಾದವರ ಹತ್ರ ಹೋಗಿ ಹೇಳಿ. ಮತ್ತೆ, ಹೆಸರು ಹಿಡಿದು ಕರೀದೆ ಯಾರಾದ್ರೂ ಊಟಕ್ಕೆ ಬರ್ತಾರಾ? ಆ ಅಮ್ಮನ ಹೆಸರು ಕೇಳಿಕೊಂಡು ಬನ್ನಿ.’

ಹನ್ನೆರಡು ಗಂಟೆ ಬಸ್ಸಿನಲ್ಲಿ ಕೂತು ಅವನು ಸಲಾಲಾಕ್ಕೆ ಹೋದ. ಅಲ್ಲಿ ಜಿಟಿಜಿಟಿ ಮಳೆ, ತೆಂಗಿನ ತೋಟಗಳು. ಊರಿಗೇ ಬಂದ ಹಾಗೆ ಅನಿಸಬೇಕಿತ್ತು, ಅನಿಸಲಿಲ್ಲ. ನರ್ಸುಗಳ ಕ್ವಾರ್ಟರ್ಸಿನ ಜಗಲಿಯಲ್ಲಿ ಹಯಸಿಂತ್ ಬಾಯಿ ಡ್ಯೂಟಿಗೆ ಹೊರಡುವ ಬಿಳಿ ಬಟ್ಟೆಯಲ್ಲಿ ಕೂತಿದ್ದಳು.

‘ಗುಡ್ ಆಫ್ಟರ್‌ನೂನ್, ಸಿಸ್ಟರ್’ ಎಂದ ದೇಜಪ್ಪ.

‘ಓಹೋ! ಮಿಸ್ಟರ್ ದೇಜಪ್ಪ ಕೊನೆಗೂ ಕಲಿತರು!’ ಅವಳು ಚಪ್ಪಾಳೆ ತಟ್ಟಿ ನಕ್ಕು ಕುರ್ಚಿ ಎಳೆದಳು, ಉಮಾವತಿಯನ್ನು ಕೇಳಿದಳು, ವಿನೋದಾಳನ್ನು ಕೇಳಿದಳು. ಆ ನಗುವಿನ ಎದುರಿಗೆ ಅವನು ಹೇಳಬೇಕಾಯಿತು. ಹೇಳಿದ. ಗಂಡಸರು, ಕುಡಿತ, ಒಂಟಿ ಹೆಂಗಸು, ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ನೆಲ ನೋಡುತ್ತಿದ್ದ.

ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಕಾಲು ಹಿಡಿಯಲೂ ತಯಾರಿದ್ದ.

‘ನೀವು ಮೇಲೆ ಬಂದಿರಾ?’ ಎಂದು ಕೇಳಿದಳು. ‘ಬಾಗಿಲವರೆಗೆ ಬಂದಿರಾ?’

‘ಬಂದಿದ್ದೆ.’

‘ತೆರೆದಿತ್ತಲ್ಲ?’

‘ತೆರೆದಿತ್ತು.’

‘ಸಾವಿನ ಮನೆಗೆ ನಾವು ಯಾರನ್ನೂ ಕರೆಯುವುದಿಲ್ಲ, ಮಿಸ್ಟರ್ ದೇಜಪ್ಪ. ಬಾಗಿಲು ತೆರೆದಿಟ್ಟು ಗಲಾಟೆ ಮಾಡುತ್ತೇವೆ. ಕೇಳಿದ ನೆರೆಯವರು ತಾವಾಗಿ ಬರಲಿ ಎಂದು. ನಿಮ್ಮ ಮೂವರಿಗೂ ತೆಗೆದಿಟ್ಟಿದ್ದೆ. ಮರುದಿನ ಬೆಳಿಗ್ಗೆ ತಂದೆನಲ್ಲ, ಅದು ನಿಮ್ಮ ಪಾಲಿನ ತಟ್ಟೆ.’

ದೇಜಪ್ಪನಿಗೆ ಎಲ್ಲಾದರೂ ಹೋಗಿ ಅಡಗಿಕೊಳ್ಳಬೇಕು ಅನಿಸಿತು. ಆದರೂ ಬಂದ ಕೆಲಸ ಬಾಕಿಯಿತ್ತು.

‘ಸಿಸ್ಟರ್, ನಿಮ್ಮ ಅಮ್ಮನ ಹೆಸರು ಏನು? ನಾವು ಎಲೆ ಹಾಕುವಾಗ ಕರೆಯಲಿಕ್ಕೆ.’

ಅವಳು ಎದ್ದಳು. ಚೀಲ ಹೆಗಲಿಗೆ ಹಾಕಿ, ಕ್ವಾರ್ಟರ್ಸಿನ ಬಾಗಿಲು ಎಳೆದು ಬೀಗ ಹಾಕಿದಳು. ಅವನ ಪಕ್ಕದಿಂದಲೇ ಇಳಿದು ಮಳೆಯಲ್ಲಿ ಆಸ್ಪತ್ರೆಯ ಕಡೆ ನಡೆದಳು. ಅವನು ಹಿಂದಿನಿಂದ, ‘ಗುಡ್ ಆಫ್ಟರ್‌ನೂನ್, ಸಿಸ್ಟರ್’ ಎಂದ. ಮೆಟ್ಟಿಲಲ್ಲಿ ಬೆಕ್ಕು ಸಿಕ್ಕರೂ ಮಾತಾಡಿಸದೆ ಹೋದವಳಲ್ಲ ಆಕೆ. ಅಂದು ತಿರುಗಿ ನೋಡಲಿಲ್ಲ.

ದೇಜಪ್ಪ ೧೯೯೭ರ ತನಕ ರೂವಿಯಲ್ಲಿದ್ದ. ಪ್ರತಿ ಆಟಿಯಲ್ಲಿ ಎರಡು ಎಲೆ ಹಾಕುತ್ತಿದ್ದ. ಮೊದಲ ಎಲೆಗೆ ತನ್ನ ಅಮ್ಮನನ್ನು ಹೆಸರು ಹಿಡಿದು ಕರೆಯುತ್ತಿದ್ದ. ಎರಡನೆಯದರ ಎದುರು ಬಂದಾಗ ಕರೆಯಲು ಹೆಸರಿಲ್ಲ. ‘ಗುಡ್ ಈವ್ನಿಂಗ್, ಅಮ್ಮ’ ಎಂದಷ್ಟೇ ಹೇಳಿ, ಉತ್ತರ ಬರುವುದೋ ಎಂದು ಸ್ವಲ್ಪ ಹೊತ್ತು ನಿಲ್ಲುತ್ತಿದ್ದ.