ಬಸ್ಸಿನ ಮೇಲೆ ಬಂದ ಬಾಗಿಲು

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಕೊನೆಯ ಮಾತು ಅಮ್ಮನ ಅಣ್ಣ, ನನ್ನ ಸೋದರಮಾವನದು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಜಗಲಿಯಲ್ಲಿ ಕೂತು ವೀಳ್ಯ ಜಗಿಯುತ್ತಾ ಮಾವ ನನ್ನನ್ನು ತೋರಿಸಿ ಅಮ್ಮನಿಗೆ ಹೇಳಿದ್ದರು: “ನಿನ್ನ ಬಚ್ಚಲಿಗೆ ಬಾಗಿಲು ಬರುವುದೂ ಇಲ್ಲ, ಈ ಹುಡುಗಿ ಡಿಗ್ರಿ ಮಾಡುವುದೂ ಇಲ್ಲ. ಸುಮ್ಮನೆ ಆಸೆ ಎಂತಕ್ಕೆ?”

ಬೈಲೂರಿನ ನಮ್ಮ ಬಚ್ಚಲಿನ ಬಾಗಿಲನ್ನು ಗೆದ್ದಲು ತಿಂದು ಮುಗಿಸಿತ್ತು. ಅಮ್ಮನ ಹಳೆಯ ಸೀರೆಯೇ ಪರದೆ. ಪಕ್ಕದಲ್ಲೇ ಗದ್ದೆಗೆ ಹೋಗುವ ದಾರಿ. ಒಲೆಯ ಹೊಗೆ, ಸೀಗೆಯ ವಾಸನೆಯ ನಡುವೆ ನಾನು ಮೀಯುವಾಗ ಅಮ್ಮ ಹೊರಗೆ ನಿಂತು ಸೀರೆಯ ಎರಡೂ ಅಂಚು ಹಿಡಿದುಕೊಳ್ಳುತ್ತಿದ್ದಳು. ಯಾರಾದರೂ ಕೆಮ್ಮಿದ್ದು ಕೇಳಿದರೆ ಸಾಕು, ಚೆಂಬು ಹಿಡಿದೇ ಗೋಡೆಗೆ ಅಂಟಿಕೊಳ್ಳುತ್ತಿದ್ದೆ. ಆಗ ನಾನು ಹೈಸ್ಕೂಲು.

ಹೊಸ ಬಾಗಿಲು ಕಾರ್ಕಳದ ಆಚಾರಿಯ ಅಂಗಡಿಯಲ್ಲಿ ತಯಾರಾಗಿ ನಿಂತಿತ್ತು. ತರಬೇಕಾದ ಅಪ್ಪ ಕಾರ್ಕಳ–ಉಡುಪಿ ಬಸ್ಸಿನ ಡ್ರೈವರು. ರಾತ್ರಿ ಬಸ್ಸು ಹಾಲ್ಟಾದಲ್ಲೇ ಮಲಗುವುದು, ಬೆಳಗಾದರೆ ಮೊದಲ ಟ್ರಿಪ್ಪು. ಅಪರೂಪಕ್ಕೆ ಮನೆಗೆ ಬಂದರೂ ನಿದ್ದೆ. “ನಾಳೆ, ನಾಳೆ” ಎನ್ನುತ್ತಲೇ ಮಳೆಗಾಲ ಬಂತು.

ಒಂದು ಬೆಳಿಗ್ಗೆ ಹಿರಿಯಡ್ಕದ ಶಾಲೆಗೆಂದು ಅಪ್ಪನ ಬಸ್ಸು ಹತ್ತಿ ಗೆಳತಿಯರ ಪಕ್ಕ ಕುಳಿತಿದ್ದೆ. ಅಮ್ಮ ಬಂದು ಬಸ್ಸಿಗೆ ಅಡ್ಡ ನಿಂತಳು.

“ಬಾಗಿಲು ಯಾವಾಗ ತರ್ತೀರಿ? ಈಗ ಹೇಳಿ.”

“ರಸ್ತೆಯಲ್ಲಿ ಇದೆಂತ ಮಾರಾಯ್ತಿ? ಟೈಮಿಂಗ್ ಹೋಗ್ತದೆ!” ಅಪ್ಪ ಕೂಗಿದರು.

“ಹೋಗಲಿ. ಹಗಲಿಗೆ ನೀವು ಸಿಗುವುದು ರಸ್ತೆಯಲ್ಲಿ ಮಾತ್ರ.”

ನಮ್ಮ ಕಡೆಯ ಖಾಸಗಿ ಬಸ್ಸಿನವರಿಗೆ ನಿಮಿಷವೆಂದರೆ ಜೀವ. ತಡವಾದರೆ ಹಿಂದಿನ ಬಸ್ಸು ಮುಂದೆ ಹೋಗಿ ದಾರಿಯ ಜನರನ್ನೆಲ್ಲ ಹತ್ತಿಸಿಕೊಳ್ಳುತ್ತದೆ. ಅಮ್ಮನಿಗೆ ಅದು ಗೊತ್ತಿತ್ತು. ತಿರುವಿನ ಆಚೆ ಹಾರ್ನ್ ಕೇಳಿಸಿತು.

“ಯಾವ ಬಾಗಿಲು ಅಕ್ಕ?” ಕಂಡಕ್ಟರ್ ಇಣುಕಿದ.

“ಬಚ್ಚಲಿಂದು! ಬೆಳೆದ ಹುಡುಗಿ ಸೀರೆಯ ಮರೆಯಲ್ಲಿ ಮೀಯುವುದು!”

ಇಡೀ ಬಸ್ಸು ನನ್ನತ್ತ ತಿರುಗಿತು. ನನ್ನ ಕಿವಿ ಸುಡುತ್ತಿತ್ತು. ಚೀಲದೊಳಗೆ ಏನೋ ಹುಡುಕುವವಳಂತೆ ತಲೆ ತಗ್ಗಿಸಿದೆ.

“ಒಪ್ಪಿಕೊಳ್ಳು ಮಾರಾಯ,” ಮುಂದಿನ ಸೀಟಿನ ಅಜ್ಜ ಗದರಿದರು, “ಮಣಿಪಾಲದ ಡಾಕ್ಟರು ನಿನ್ನ ಬಚ್ಚಲಿಗೆ ಕಾಯ್ತಾರಾ?”

“ಸಂಜೆ ತರ್ತೇನೆ, ದಾರಿ ಬಿಡು!”

ಸಂಜೆ ಬಸ್ಸಿನ ಮೇಲಿನ ಕ್ಯಾರಿಯರಿನಲ್ಲಿ ಬಾಗಿಲು ಬಂತು. ಮರುದಿನ ಬದಲಿ ಡ್ರೈವರನ್ನು ಹಾಕಿಸಿ ಅಪ್ಪ ಅದನ್ನು ಕೂರಿಸಿದರು. ಹೊಸ ಮರದ ವಾಸನೆಯಲ್ಲಿ ಚಿಲಕ ಹಾಕಿ ಮಿಂದೆ. ಆದರೆ ಶಾಲೆಯಲ್ಲಿ ನನ್ನ ಹೆಸರು ‘ಬಾಗಿಲು’ ಎಂದಾಗಿತ್ತು. ಹಾಗೆ ಕರೆದಾಗಲೆಲ್ಲ ನೆಲ ಬಿರಿದು ಒಳಗೆ ಹೋಗಬಾರದೇ ಎನಿಸುತ್ತಿತ್ತು. ಅದೇ ಸಿಟ್ಟಿನಲ್ಲಿ ಓದಿದೆ.

ಈಗ ನನ್ನ ಮನೆಯ ಪ್ರತಿ ಬಾಗಿಲಿಗೂ ಚಿಲಕವಿದೆ. ಹೊರಗೆ ಸೀರೆ ಹಿಡಿದು ನಿಲ್ಲುವವಳಿಲ್ಲ.

ಆ ಬಾಗಿಲು ಬಂದ ಕೆಲವು ವರ್ಷಕ್ಕೆ, ಉಡುಪಿಯ ಕಾಲೇಜಿನಿಂದ ಬಿ.ಎ. ಪ್ರಮಾಣಪತ್ರ ತಂದ ದಿನವೂ ಅಪ್ಪನದೇ ಬಸ್ಸು. ಬೈಲೂರಿನಲ್ಲಿ ಅಮ್ಮ ರಸ್ತೆಯ ಬದಿಗೆ ಸುಮ್ಮನೆ ನಿಂತಿದ್ದಳು. ಅಪ್ಪ ಎಂಜಿನ್ನೇ ಆಫ್ ಮಾಡಿದರು.

“ಕೊಡು ಅಮ್ಮನಿಗೆ. ಎಲ್ಲರೂ ನೋಡಲಿ.”

ಇಡೀ ಬಸ್ಸು ಮತ್ತೆ ನನ್ನತ್ತ ತಿರುಗಿತು. ಅಂದಿನಂತೆಯೇ ತಲೆ ತಗ್ಗಿತು. ಇಳಿದು ಕಾಗದವನ್ನು ಅಮ್ಮನ ಕೈಗಿಟ್ಟೆ. ಹಿಂದೆ ಹಾರ್ನ್ ಕೇಳಿಸಿತು. ಅಮ್ಮ ಕಾಗದ ನೋಡಿದಳು, ಅಪ್ಪನನ್ನು ನೋಡಿದಳು.

“ಅಣ್ಣ ಆಗುವುದಿಲ್ಲ ಅಂದದ್ದು ಎರಡೂ ಆಯಿತು. ಇನ್ನು ಹೊರಡಿ ಮಾರಾಯ್ರೇ, ಹಿಂದಿನ ಬಸ್ಸು ಬಂತು.”