ಎಂಟು ಚುಕ್ಕಿಯ ಕಾವಲುಗಾರ

ಹಾರೂಗೇರಿ ಬಸ್ ಸ್ಟ್ಯಾಂಡಿನಲ್ಲಿ ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟು ಅಂಕಿ ಗೊಣಗುತ್ತಿದ್ದ ಕುರಿಗಾರ ಅಮೋಘಸಿದ್ದನನ್ನು ಮೊದಲು ಕಂಡಾಗ ಮಟಕಾ ಆಡುವವನೆಂದೇ ತಿಳಿದಿದ್ದೆ. ಅದು ಪಿಯುಸಿ ಓದುವ ಮಗಳು ಕೋಮಲಳ ರಸಾಯನಶಾಸ್ತ್ರದ ನೋಟ್‌ಬುಕ್ಕಂತೆ. ವಿಜ್ಞಾನ ಓದುವ ಮಕ್ಕಳ ಅಪ್ಪಂದಿರೇ ಹೀಗೆ. ಪರೀಕ್ಷೆ ಮಗಳಿಗೆ, ಬೆವರು ಇವರಿಗೆ. ಎಲೆಕ್ಟ್ರಾನುಗಳನ್ನು ಚುಕ್ಕಿಯಾಗಿ ತೋರಿಸುವ ಲೂಯಿಸ್ ಚಿತ್ರದಲ್ಲಿ ಮೂಲವಸ್ತುವಿನ ಅಕ್ಷರದ ಸುತ್ತ ಎಂಟು ಚುಕ್ಕಿ ಇರಬೇಕೆಂಬುದೊಂದನ್ನೇ ಆತ ಮಗಳಿಂದ ಕಲಿತಿದ್ದಾನೆ. ಸಂಜೆ ಹಟ್ಟಿಗೆ ಬಂದ ಕುರಿ ಎಣಿಸುವ ಬೆರಳಿನಿಂದಲೇ ಬೆಳಿಗ್ಗೆ ಮಗಳು ಕಾಲೇಜಿಗೆ ಹೋಗುವ ಬಸ್ ಬರುವವರೆಗೂ ಚುಕ್ಕಿ ಎಣಿಸುತ್ತಾನೆ. ಹೈಡ್ರೋಜನ್ನಿಗೆ ಎರಡೇ ಸಾಕೆಂದು ಮಗಳು ಎಷ್ಟು ಸಲ ಹೇಳಿದರೂ ಅನುಮಾನ ಹೋಗಿಲ್ಲ: "ಉಳದ ಆರು ಎಲ್ಲಿ ಹೋದೂವು ಯವ್ವಾ? ಸರ್‌ನ ಇನ್ನೊಮ್ಮೆ ಕೇಳ." ಕಳೆದ ಕಿರುಪರೀಕ್ಷೆಯಲ್ಲಿ ಕೋಮಲ ಅಮೋನಿಯಾ ಬರೆಯುವಾಗ ನೈಟ್ರೋಜನ್ನಿನ ತಲೆಯ ಮೇಲಿನ ಎರಡು ಚುಕ್ಕಿ ಮರೆತು, ಮನೆಗೆ ಬಂದು ಅತ್ತು, ಕಾಲೇಜೇ ಬೇಡವೆಂದಿದ್ದಳು. ಅಂದಿನಿಂದ ಈ ಕಾವಲು. ವಾರ್ಷಿಕ ಪರೀಕ್ಷೆಯ ದಿನ ಬಸ್ ಬಂದು ನಿಂತರೂ ಆತನ ಎಣಿಕೆ ಮುಗಿದಿರಲಿಲ್ಲ. ಬಿ.ಎಸ್ಸಿ. ಮಾಡಿದ ಗತ್ತಿನಲ್ಲಿ ನಾನು ಕೇಳಿದೆ: "ಅಮೋಘಸಿದ್ದಣ್ಣ, ಇದೇನಾದ್ರೂ ನಿನಗ ತಿಳೀತೈತೇನು?" ಆತ ತಲೆ ಎತ್ತಲಿಲ್ಲ. "ತಿಳಿಯಾಂಗಿಲ್ರಿ. ಎಣಿಸಾಕ ಬರತೈತಿ."